ದೀರ್ಘ ಚಾರಣಗಳಲ್ಲಿ ಗ್ಯಾಸ್ ಒಲೆಯ ಬಳಕೆ – ಸಾರ್ವಜನಿಕರಿಗೆ ಮಾಹಿತಿ

ಹಲವು ದಿನಗಳ ಕಾಲ್ನಡಿಗೆಯ ಚಾರಣಕ್ಕೆ ಹೊರಡುವವರು ಅಡುಗೆಗಾಗಿ ಕಟ್ಟಿಗೆಯನ್ನು ಅವಲಂಬಿಸದೆ ಸಣ್ಣ ಗ್ಯಾಸ್ ಒಲೆಯನ್ನು ಬೆನ್ನುಚೀಲದಲ್ಲಿ ಒಯ್ಯುವುದು ಈಗ ಸಾಮಾನ್ಯವಾಗಿದೆ. ಒಲೆಯ ತೂಕ ನೂರು ಗ್ರಾಂ ಆಸುಪಾಸಿನದು. ಅದಕ್ಕೆ ಜೋಡಿಸುವ ಅನಿಲದ ಡಬ್ಬಿಯನ್ನು ಒಂದೇ ಕೈಯಲ್ಲಿ ಹಿಡಿಯಬಹುದು. ಮರ ಕಡಿಯಬೇಕಿಲ್ಲ, ಹೊಗೆಯ ಕಾಟವಿಲ್ಲ, ಮಳೆಯ ದಿನವೂ ಹೊತ್ತಿಸಬಹುದು. ಆದರೆ ಸದರಿ ಡಬ್ಬಿಯಲ್ಲಿರುವುದು ಒತ್ತಡದಿಂದ ದ್ರವವಾಗಿಸಿದ ದಹನಶೀಲ ಅನಿಲ. ಗಾತ್ರ ಸಣ್ಣದೆಂಬ ಕಾರಣಕ್ಕೆ ಯಾವ ನಿಯಮದಿಂದಲೂ ಅದಕ್ಕೆ ವಿನಾಯಿತಿ ಇರುವುದಿಲ್ಲ.

ಕರ್ನಾಟಕದಿಂದ ಹಿಮಾಲಯದ ಚಾರಣಗಳಿಗೆ ತೆರಳುವವರು ಒಂದು ಸಂಗತಿಯನ್ನು ಮೊದಲೇ ಮನದಟ್ಟು ಮಾಡಿಕೊಳ್ಳತಕ್ಕದ್ದು. ಒಲೆಯನ್ನು ಮನೆಯಿಂದ ಒಯ್ಯಬಹುದು. ಅನಿಲವನ್ನು ವಿಮಾನದಲ್ಲಾಗಲಿ ರೈಲಿನಲ್ಲಾಗಲಿ ಒಯ್ಯುವಂತಿಲ್ಲ. ಆದುದರಿಂದ ಯಾವ ಒಲೆ ಕೊಳ್ಳಬೇಕು, ಯಾವ ಊರಿನಲ್ಲಿ ಒಂದು ದಿನ ತಂಗಬೇಕು, ಎಂತಹ ಆಹಾರ ಕಟ್ಟಿಕೊಳ್ಳಬೇಕು ಎಂಬುದೆಲ್ಲವೂ ಚಾರಣ ಆರಂಭವಾಗುವ ಊರಿನಲ್ಲಿ ಯಾವ ಡಬ್ಬಿ ದೊರೆಯುತ್ತದೆ ಎಂಬುದನ್ನು ಅನುಸರಿಸಿಯೇ ತೀರ್ಮಾನವಾಗಬೇಕು. ಪ್ರಯಾಣದ ಟಿಕೆಟ್ಟು ಕಾಯ್ದಿರಿಸುವ ಮುನ್ನವೇ ಈ ವಿಚಾರಣೆ ಮುಗಿದಿರುವುದು ಒಳ್ಳೆಯದು.

ರಾಜ್ಯದ ಅರಣ್ಯಗಳಲ್ಲಿ ಚಾರಣ ಮಾಡುವವರಿಗೆ

ಕರ್ನಾಟಕದ ಮೀಸಲು ಅರಣ್ಯ, ವನ್ಯಜೀವಿ ಧಾಮ ಹಾಗೂ ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಂಕಿಗೆ ಸಂಬಂಧಿಸಿದಂತೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಮತ್ತು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972 ಅನ್ವಯಿಸುತ್ತವೆ. ಎರಡನೆಯ ಅಧಿನಿಯಮದ 30ನೇ ಪ್ರಕರಣವು ಧಾಮಕ್ಕೆ ಅಪಾಯವಾಗುವ ರೀತಿಯಲ್ಲಿ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಹಾಗೆಯೇ ಬಿಟ್ಟು ಹೋಗುವುದನ್ನೂ ನಿಷೇಧಿಸುತ್ತದೆ. ಒಲೆ ಗ್ಯಾಸಿನದೋ ಕಟ್ಟಿಗೆಯದೋ ಎಂಬ ವ್ಯತ್ಯಾಸ ಇಲ್ಲಿ ಅರ್ಜಿದಾರರ ನೆರವಿಗೆ ಬರುವುದಿಲ್ಲ. ಒಣಗಿದ ಹುಲ್ಲಿಗೆ ಎರಡೂ ಒಂದೇ.

ಹಲವು ಚಾರಣ ಪಥಗಳಿಗೆ 2024ರಿಂದ ಆನ್‌ಲೈನ್ ಮೂಲಕ ಮುಂಗಡವಾಗಿ ಕಾಯ್ದಿರಿಸಿಕೊಳ್ಳಬೇಕಾಗಿದೆ. ಚಾರಣಕ್ಕೆ ದೊರೆತ ಅನುಮತಿಯು ಅಡುಗೆಗೆ ದೊರೆತ ಅನುಮತಿ ಅಲ್ಲವೆಂಬುದನ್ನು ಗಮನಿಸತಕ್ಕದ್ದು. ಅನುಮತಿ ಪತ್ರದಲ್ಲಿ ನಮೂದಿಸಿರುವ ಷರತ್ತುಗಳನ್ನು ಪೂರ್ಣವಾಗಿ ಓದಿ, ಸಂದೇಹವಿದ್ದಲ್ಲಿ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಪಶ್ಚಿಮ ಘಟ್ಟಗಳ ಬಹುತೇಕ ಪಥಗಳು ಒಂದೇ ದಿನದಲ್ಲಿ ಮುಗಿಯುವಂಥವು. ಅಂತಹ ದಾರಿಗೆ ಒಲೆಯ ಅಗತ್ಯವೇ ಇಲ್ಲ. ಪುಳಿಯೋಗರೆ ಅಥವಾ ಚಪಾತಿ–ಚಟ್ನಿಪುಡಿಯ ಬುತ್ತಿ ಮತ್ತು ಫ್ಲಾಸ್ಕಿನಲ್ಲಿ ಬಿಸಿನೀರು ಸಾಕಾಗುತ್ತವೆ.

ಜನವರಿಯಿಂದ ಮೇ ತಿಂಗಳವರೆಗೆ ಘಟ್ಟದ ಹುಲ್ಲುಗಾವಲುಗಳು ಕಿಡಿಗಾಗಿ ಕಾದಂತೆ ಒಣಗಿರುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಅರಣ್ಯ ಸುಟ್ಟುಹೋಯಿತು. ಅದಕ್ಕೂ ಮುನ್ನ, 2018ರ ಮಾರ್ಚ್ 11ರಂದು, ನೆರೆಯ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಈ ಎರಡಕ್ಕೂ ಚಾರಣಿಗರ ಒಲೆ ಕಾರಣವೆಂದು ಹೇಳುತ್ತಿಲ್ಲ. ಒಮ್ಮೆ ಹುಲ್ಲಿಗೆ ಬೆಂಕಿ ತಗುಲಿದ ಮೇಲೆ ಇಳಿಜಾರಿನಲ್ಲಿ ಅದು ಮೇಲ್ಮುಖವಾಗಿ ಮನುಷ್ಯನ ಓಟಕ್ಕಿಂತ ವೇಗವಾಗಿ ಹರಡಬಲ್ಲದೆಂಬುದನ್ನು ತಿಳಿಸಲು ಇವನ್ನು ಉಲ್ಲೇಖಿಸಲಾಗಿದೆ.

ಒಲೆ ಮತ್ತು ಡಬ್ಬಿಗಳ ವಿಧಗಳು

ಮಾರುಕಟ್ಟೆಯಲ್ಲಿ ಮೂರು ಬಗೆಯ ಡಬ್ಬಿಗಳು ಕಂಡುಬರುತ್ತವೆ. ಒಂದರ ಒಲೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲನೆಯದು ತಿರುಪಿನ ಬಾಯಿಯುಳ್ಳ ಕುಳ್ಳಗಿನ ದುಂಡು ಡಬ್ಬಿ. ಇದರಲ್ಲಿ ಐಸೋಬ್ಯೂಟೇನ್, ಬ್ಯೂಟೇನ್ ಮತ್ತು ಪ್ರೊಪೇನ್ ಅನಿಲಗಳ ಮಿಶ್ರಣವಿರುತ್ತದೆ. ಒಲೆಯನ್ನು ಬೇರ್ಪಡಿಸಿದ ಕೂಡಲೇ ವಾಲ್ವ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ 100, 230 ಮತ್ತು 450 ಗ್ರಾಂ ಆಸುಪಾಸಿನ ಮೂರು ಅಳತೆಗಳಲ್ಲಿ ದೊರೆಯುತ್ತದೆ.

ಎರಡನೆಯದು ಸೊಳ್ಳೆ ಔಷಧಿಯ ಸ್ಪ್ರೇ ಡಬ್ಬಿಯಂತೆ ಉದ್ದವಾಗಿರುವ, ಸುಮಾರು 220 ಗ್ರಾಂ ಬ್ಯೂಟೇನ್ ತುಂಬಿದ ಡಬ್ಬಿ. ಮನೆಯಂಗಳದಲ್ಲಿ ಬಳಸುವ ಚಪ್ಪಟೆ ಪೆಟ್ಟಿಗೆಯಾಕಾರದ ಒಲೆಗೆ ಇದನ್ನು ಅಡ್ಡಲಾಗಿ ಕೂರಿಸಲಾಗುತ್ತದೆ. ಬೆಲೆ ಕಡಿಮೆ, ಆದರೆ ಚಳಿಯಲ್ಲಿ ಕೈಕೊಡುತ್ತದೆ. ಕಾರಣವನ್ನು ಮುಂದೆ ವಿವರಿಸಲಾಗಿದೆ.

ಮೂರನೆಯದಕ್ಕೆ ವಾಲ್ವ್ ಇರುವುದಿಲ್ಲ. ಒಲೆಯ ಮೊನೆಯಿಂದ ಡಬ್ಬಿಯನ್ನು ಚುಚ್ಚಿ ಕೂರಿಸಬೇಕು; ಒಮ್ಮೆ ಚುಚ್ಚಿದರೆ ಅನಿಲ ಪೂರ್ತಿ ಮುಗಿಯುವವರೆಗೆ ಬಿಚ್ಚುವಂತಿಲ್ಲ. ದಿನವೂ ಒಲೆಯನ್ನು ಬಿಚ್ಚಿ ಚೀಲಕ್ಕೆ ಹಾಕಬೇಕಾದ ಚಾರಣಿಗರಿಗೆ ಇದು ಸರ್ವಥಾ ಯೋಗ್ಯವಲ್ಲ.

ಹೊಸದಾಗಿ ಕೊಳ್ಳುವವರಿಗೆ ತಿರುಪಿನ ಡಬ್ಬಿಗೆ ಹೊಂದುವ ಸರಳ ಒಲೆಯೇ ಸಾಕು. ಎಷ್ಟು ನಿಮಿಷದಲ್ಲಿ ನೀರು ಕುದಿಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಅಂಕಿಯನ್ನು ಗಾಳಿಯಿಲ್ಲದ ಕೋಣೆಯ ಲೆಕ್ಕವೆಂದೇ ತಿಳಿಯಬೇಕು. ಪಾತ್ರೆ ಅಲುಗದೆ ಕೂರುವಷ್ಟು ಅಗಲವಾದ ಕಾಲುಗಳಿವೆಯೇ, ಉರಿಯನ್ನು ತೀರಾ ಸಣ್ಣದಾಗಿಸಲು ಸಾಧ್ಯವೇ ಎಂಬ ಎರಡು ಅಂಶಗಳನ್ನು ಅಂಗಡಿಯಲ್ಲಿಯೇ ಪರೀಕ್ಷಿಸುವುದು ಹೆಚ್ಚು ಉಪಯುಕ್ತ.

ವಿಮಾನ ಮತ್ತು ರೈಲು ಪ್ರಯಾಣ

ವಿಮಾನದಲ್ಲಿ ಅನಿಲದ ಡಬ್ಬಿಯನ್ನು ಕೈಚೀಲದಲ್ಲಾಗಲಿ, ಕೌಂಟರಿನಲ್ಲಿ ಒಪ್ಪಿಸುವ ಸಾಮಾನಿನಲ್ಲಾಗಲಿ ಒಯ್ಯುವಂತಿಲ್ಲ. ಮುಚ್ಚಳ ತೆರೆಯದ ಹೊಸ ಡಬ್ಬಿಗೂ ಅರ್ಧ ಬಳಸಿದ ಡಬ್ಬಿಗೂ ಇದೇ ನಿಯಮ ಅನ್ವಯಿಸುತ್ತದೆ. ಡಬ್ಬಿಯಿಲ್ಲದ ಒಲೆಯನ್ನು ಸ್ವಚ್ಛಗೊಳಿಸಿ, ಒಪ್ಪಿಸುವ ಸಾಮಾನಿನಲ್ಲಿ ಇಡಬಹುದು. ಆದರೂ ವಿಮಾನ ಸಂಸ್ಥೆಯನ್ನು ಮುಂಚಿತವಾಗಿ ಕೇಳಿಕೊಳ್ಳುವುದು ಸೂಕ್ತ, ಏಕೆಂದರೆ ಅಂತಿಮ ತೀರ್ಮಾನ ತಪಾಸಣಾ ಸಿಬ್ಬಂದಿಯದು. ಎಣ್ಣೆಯ ವಾಸನೆ ಅಥವಾ ಮಸಿ ಇರುವ ಒಲೆಯನ್ನು ಅವರು ಸಂಶಯದಿಂದ ನೋಡುವುದು ಸಹಜ. ಬೆಂಕಿಪೊಟ್ಟಣ ಮತ್ತು ಲೈಟರುಗಳನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ಬಿಡುವುದಿಲ್ಲ. ಎರಡು ರೂಪಾಯಿಯ ಬೆಂಕಿಪೊಟ್ಟಣಕ್ಕಾಗಿ ಇಡೀ ಚೀಲವನ್ನು ಬಿಚ್ಚಿಸಿಕೊಳ್ಳುವ ಬದಲು ತಲುಪಿದ ಊರಿನಲ್ಲಿ ಕೊಳ್ಳುವುದು ಲೇಸು.

ರೈಲಿನ ವಿಷಯದಲ್ಲಿ ಸಾರ್ವಜನಿಕರಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ನಿಲ್ದಾಣದಲ್ಲಿ ಪ್ರತಿ ಚೀಲದ ತಪಾಸಣೆ ಇರುವುದಿಲ್ಲವಾದ್ದರಿಂದ ಡಬ್ಬಿ ಒಯ್ಯಬಹುದೆಂದು ಹಲವರು ಭಾವಿಸುತ್ತಾರೆ. ರೈಲ್ವೆ ಅಧಿನಿಯಮ, 1989ರ 67ನೇ ಪ್ರಕರಣಕ್ಕೆ ವಿರುದ್ಧವಾಗಿ ಅಪಾಯಕಾರಿ ವಸ್ತುಗಳನ್ನು ಒಯ್ಯುವವರಿಗೆ 164ನೇ ಪ್ರಕರಣದನ್ವಯ ಮೂರು ವರ್ಷಗಳವರೆಗೆ ಕಾರಾವಾಸ, ಅಥವಾ ಒಂದು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಉಂಟಾದ ನಷ್ಟಕ್ಕೂ ಅವರೇ ಹೊಣೆಗಾರರು. ದಂಡದ ಮೊತ್ತ ಚಿಕ್ಕದಾಗಿ ಕಂಡೀತು. ಆದರೆ 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈಯಲ್ಲಿ ನಿಲ್ಲಿಸಲಾಗಿದ್ದ ಪ್ರವಾಸಿ ಬೋಗಿಯೊಂದರಲ್ಲಿ ನಡೆದದ್ದು ಚಿಕ್ಕದಲ್ಲ. ಲಖನೌದಿಂದ ಬಂದಿದ್ದ ಯಾತ್ರಿಕರು ನಿಯಮ ಮೀರಿ ಒಯ್ದಿದ್ದ ಅನಿಲ ಸಿಲಿಂಡರಿನಿಂದ ಬೆಂಕಿ ಹೊತ್ತಿ, ಒಂಬತ್ತು ಮಂದಿ ಮೃತಪಟ್ಟರು. ಬೋಗಿ ಓಡುತ್ತಿರಲಿಲ್ಲ, ನಿಂತಿತ್ತು. ಆದರೂ ಅವರಿಗೆ ಹೊರಬರಲಾಗಲಿಲ್ಲ. ಬೆಂಗಳೂರಿನಿಂದ ದೆಹಲಿ, ಚಂಡೀಗಢದ ಕಡೆಗೆ ರಾತ್ರಿಗಳನ್ನು ರೈಲಿನಲ್ಲಿಯೇ ಕಳೆಯುವ ಚಾರಣಿಗರು ಇದನ್ನು ನೆನಪಿನಲ್ಲಿಡತಕ್ಕದ್ದು. ಸಹಪ್ರಯಾಣಿಕರಲ್ಲಿ ಯಾರಾದರೂ ಅನಿಲ ಒಯ್ಯುತ್ತಿರುವುದು ಕಂಡುಬಂದರೆ 139 ಸಂಖ್ಯೆಗೆ ತಿಳಿಸಬಹುದು.

ಪ್ರಯಾಣಿಕರ ಬಸ್ಸುಗಳಲ್ಲಿಯೂ ದಹನಶೀಲ ವಸ್ತುಗಳನ್ನು ಒಯ್ಯಬಾರದು. ಚಾರಣದ ಊರಿನಿಂದ ಮುಂದೆ ಬಾಡಿಗೆ ಜೀಪಿನಲ್ಲಿ ಹೋಗುವಾಗ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿ, ಚಾಲಕರಿಗೆ ತಿಳಿಸಿ ಇಡಬೇಕು. ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಅದನ್ನು ಬಿಟ್ಟು ಹೋಗಬಾರದು. ಡಬ್ಬಿಯ ಮೇಲೆಯೇ 50 ಡಿಗ್ರಿ ಸೆಲ್ಸಿಯಸ್ ಮೀರದಿರುವಂತೆ ಎಚ್ಚರಿಕೆ ಮುದ್ರಿತವಾಗಿರುತ್ತದೆ.

ಅನಿಲದ ಖರೀದಿ

ಲೇಹ್, ಮನಾಲಿ, ಋಷಿಕೇಶ, ಡೆಹ್ರಾಡೂನ್ ಮತ್ತು ನೇಪಾಳದ ಕಠ್ಮಂಡುವಿನ ಚಾರಣ ಸಾಮಗ್ರಿಗಳ ಅಂಗಡಿಗಳಲ್ಲಿ ತಿರುಪಿನ ಡಬ್ಬಿಗಳು ದೊರೆಯುತ್ತವೆ. ಚಾರಣದ ಋತುವಿನಲ್ಲಿ ದಾಸ್ತಾನು ಮುಗಿದಿರುವುದೂ ಉಂಟು. ಅಂಗಡಿಗೆ ಮೊದಲೇ ದೂರವಾಣಿ ಮಾಡಿ ಕಾಯ್ದಿರಿಸಿಕೊಳ್ಳುವುದು ಕ್ಷೇಮ. ಸಣ್ಣ ಹಳ್ಳಿಗಳಲ್ಲಿ ದೊರೆತೀತೆಂಬ ಭರವಸೆಯ ಮೇಲೆ ಹೊರಡಬಾರದು.

ಕೊಳ್ಳುವಾಗ ಡಬ್ಬಿಯನ್ನು ತೂಗಿ ನೋಡಬೇಕು. 230 ಗ್ರಾಂ ಅನಿಲದ ಡಬ್ಬಿಯ ಖಾಲಿ ತೂಕ ಸುಮಾರು 150 ಗ್ರಾಂ. ತುಂಬಿದ್ದರೆ ಒಟ್ಟು 380 ಗ್ರಾಂ ಆಸುಪಾಸು ಬರಬೇಕು. ತೂಕ ಕಡಿಮೆಯಿದ್ದರೆ, ಬಾಯಿಯ ತಿರುಪು ಸವೆದಿದ್ದರೆ, ತಳದಲ್ಲಿ ತುಕ್ಕು ಅಥವಾ ತಗ್ಗು ಇದ್ದರೆ ಅದು ಹಳೆಯ ಡಬ್ಬಿಗೆ ಮತ್ತೆ ಅನಿಲ ತುಂಬಿದ್ದಾಗಿರುವ ಸಾಧ್ಯತೆ ಇದೆ. ಅಂತಹುದನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳತಕ್ಕದ್ದಲ್ಲ. ಒಂದೇ ಬಾರಿಯ ಬಳಕೆಗೆಂದು ತಯಾರಾದ ಈ ಡಬ್ಬಿಯ ತಗಡು ತೆಳು. ಮನೆಬಳಕೆಯ ಸಿಲಿಂಡರಿನ ಅನಿಲದಲ್ಲಿ ಪ್ರೊಪೇನ್ ಪಾಲು ಹೆಚ್ಚಿದ್ದಲ್ಲಿ ಅದರ ಒತ್ತಡವನ್ನು ಈ ತಗಡು ತಡೆಯಲಾರದು. ಅಳತೆ ಮೀರಿ ತುಂಬಿದರೆ ಬಿಸಿಲಿಗೆ ದ್ರವ ಹಿಗ್ಗಲು ಒಳಗೆ ಜಾಗವೇ ಉಳಿಯುವುದಿಲ್ಲ. ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಅನಿಲ ವರ್ಗಾಯಿಸುವುದು ಕಾನೂನುಬಾಹಿರವೂ ಹೌದು. ನಗರಗಳ ಗಲ್ಲಿಗಳಲ್ಲಿ ಕಿಲೋ ಲೆಕ್ಕದಲ್ಲಿ ಅನಿಲ ತುಂಬಿಸಿಕೊಡುವ ಅಂಗಡಿಗಳಿಗೂ ಇದು ಅನ್ವಯಿಸುತ್ತದೆ.

ದೊಡ್ಡ ತಂಡಗಳು, ಹೇಸರಗತ್ತೆ ಅಥವಾ ಹಮಾಲರ ನೆರವಿದ್ದಲ್ಲಿ, 5 ಕಿ.ಗ್ರಾಂ. ಸಿಲಿಂಡರನ್ನು ಬಳಸಬಹುದು. ವಿಳಾಸದ ಪುರಾವೆಯಿಲ್ಲದೆ, ಗುರುತಿನ ಚೀಟಿ ತೋರಿಸಿ ಕೊಳ್ಳಬಹುದಾದ ಈ ಸಿಲಿಂಡರುಗಳ ಮಾರಾಟಕ್ಕೆ 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ನೀಡಲಾಯಿತು. ಇಂಡಿಯನ್ ಆಯಿಲ್ ಸಂಸ್ಥೆಯು 2020ರಲ್ಲಿ ಇದಕ್ಕೆ ‘ಛೋಟು’ ಎಂದು ಹೆಸರಿಟ್ಟಿತು. ಸಿಲಿಂಡರಿನ ಸ್ವಂತ ತೂಕವೂ ಸೇರಿ ಇದು ಹತ್ತು ಕಿಲೋ ಮೀರುವುದರಿಂದ ಬೆನ್ನ ಮೇಲೆ ಹೊರುವ ವಸ್ತುವಲ್ಲ. ಮನೆಯ 14.2 ಕಿ.ಗ್ರಾಂ. ಸಿಲಿಂಡರನ್ನು ಚಾರಣಕ್ಕೆ ಒಯ್ಯಲು ಅವಕಾಶವಿಲ್ಲ. ಅದು ನೋಂದಾಯಿತ ವಿಳಾಸದಲ್ಲಿನ ಗೃಹಬಳಕೆಗೆ ಮಾತ್ರ.

ಎಷ್ಟು ಅನಿಲ ಬೇಕಾಗುತ್ತದೆ

ಈ ಪ್ರಶ್ನೆಗೆ ಅನುಭವಿಗಳು ತಲೆಗೊಂದು ಉತ್ತರ ಹೇಳುತ್ತಾರೆ. ಲೆಕ್ಕ ಹಾಕುವುದೇ ಮೇಲು. ತೊರೆಯ ತಣ್ಣೀರು ಒಂದು ಲೀಟರನ್ನು ಗಾಳಿಯ ಮರೆಯಲ್ಲಿ, ಮುಚ್ಚಳ ಹಾಕಿದ ಪಾತ್ರೆಯಲ್ಲಿ ಕುದಿಸಲು ಸುಮಾರು 15 ಗ್ರಾಂ ಅನಿಲ ಬೇಕಾಗುತ್ತದೆ. ಮರೆಯಿಲ್ಲದ ಕಡೆ ಇದು ಇಮ್ಮಡಿಯಾದೀತು. ಹಿಮವನ್ನು ಕರಗಿಸಿ ಕುದಿಸುವುದಾದರೂ ಹೆಚ್ಚುಕಡಿಮೆ ಇಮ್ಮಡಿಯೇ, ಏಕೆಂದರೆ ಹಿಮವನ್ನು ನೀರಾಗಿಸುವುದಕ್ಕೇ ಆ ನೀರನ್ನು ಕುದಿಸುವಷ್ಟು ಶಾಖ ವ್ಯಯವಾಗುತ್ತದೆ.

ಉದಾಹರಣೆಗೆ, ಇಬ್ಬರು ಆರು ದಿನಗಳ ಚಾರಣಕ್ಕೆ ಹೊರಟಿದ್ದಾರೆ ಎಂದು ಭಾವಿಸೋಣ. ಬೆಳಗಿನ ಚಹಾ, ಉಪಾಹಾರ, ರಾತ್ರಿಯ ಊಟ ಮತ್ತು ಕುಡಿಯುವ ನೀರಿಗೆ ಸೇರಿ ದಿನಕ್ಕೆ 4 ಲೀಟರ್ ನೀರು ಕುದಿಸಬೇಕಾದರೆ 60 ಗ್ರಾಂ ಆಯಿತು. ರಾತ್ರಿ ಅಕ್ಕಿ–ಬೇಳೆಯ ಕಿಚಡಿಯನ್ನು ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿದರೆ ಇನ್ನೂ 20 ಗ್ರಾಂ. ದಿನಕ್ಕೆ 80ರಂತೆ ಆರು ದಿನಕ್ಕೆ 480 ಗ್ರಾಂ. ಐದರಲ್ಲೊಂದು ಪಾಲು ಹೆಚ್ಚುವರಿ ಸೇರಿಸಿದರೆ 576 ಗ್ರಾಂ. ಅಂದರೆ 230 ಗ್ರಾಂ ಅಳತೆಯ ಮೂರು ಡಬ್ಬಿಗಳು. ಅದೇ ಚಾರಣಿಗರು ಬಿಸಿನೀರು ಸುರಿದು ಮುಚ್ಚಿಟ್ಟರೆ ಸಿದ್ಧವಾಗುವ ಆಹಾರವನ್ನೇ ಕಟ್ಟಿಕೊಂಡರೆ 432 ಗ್ರಾಂ ಸಾಕು. ಎರಡೇ ಡಬ್ಬಿಗಳಲ್ಲಿ ಚಾರಣ ಮುಗಿಯುತ್ತದೆ.

ಈ ದೃಷ್ಟಿಯಿಂದ ನಮ್ಮ ಅಡುಗೆಮನೆಯಲ್ಲಿಯೇ ಉತ್ತಮ ಚಾರಣದ ಆಹಾರಗಳಿವೆ. ಗೊಜ್ಜವಲಕ್ಕಿಯ ಪುಡಿ ಬೆರೆಸಿದ ಅವಲಕ್ಕಿ, ಹುರಿದ ರವೆಗೆ ಒಗ್ಗರಣೆ ಸೇರಿಸಿ ಒಣಗಿಸಿಟ್ಟ ಉಪ್ಪಿಟ್ಟಿನ ಮಿಶ್ರಣ, ಹುರಿದ ಶಾವಿಗೆ, ಬೆಲ್ಲದೊಡನೆ ಕಲಸುವ ರಾಗಿ ಹುರಿಹಿಟ್ಟು ಇವೆಲ್ಲಕ್ಕೂ ಕುದಿನೀರೋ ಬಿಸಿನೀರೋ ಸಾಕು. ಹುರಿಹಿಟ್ಟಿಗೆ ತಣ್ಣೀರೂ ಆದೀತು. ಪಾತ್ರೆಯನ್ನು ಉಣ್ಣೆಯ ಟೋಪಿ ಅಥವಾ ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟರೆ ಒಲೆಯ ಹಂಗಿಲ್ಲದೆಯೇ ಬೇಯುತ್ತದೆ.

ಅರ್ಧ ಬಳಸಿದ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಅಲುಗಾಡಿಸಿ ನೋಡುವ ರೂಢಿಯಿದೆ. ಅದರಿಂದ ಅಂದಾಜು ಸಿಗುವುದಿಲ್ಲ. ತುಂಬಿದ ಡಬ್ಬಿಯನ್ನೂ ಖಾಲಿ ಡಬ್ಬಿಯನ್ನೂ ನೀರಿನಲ್ಲಿ ತೇಲಿಸಿ, ಎಲ್ಲಿಯವರೆಗೆ ಮುಳುಗುತ್ತದೆಂದು ಮೊದಲೇ ಗುರುತು ಮಾಡಿಕೊಂಡರೆ ದಾರಿಯಲ್ಲಿ ಯಾವ ತೊರೆಯಲ್ಲಾದರೂ ಅಳೆಯಬಹುದು.

ಎತ್ತರ ಮತ್ತು ಚಳಿ

ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ. 3,500 ಮೀಟರ್ ಎತ್ತರದಲ್ಲಿ 88 ಡಿಗ್ರಿಗೇ ಕುದಿಯುತ್ತದೆ. 4,500 ಮೀಟರಿನಲ್ಲಿ 85 ಡಿಗ್ರಿಗೆ. ನೀರು ಬೇಗ ಕುದಿದರೂ ಅದರ ಬಿಸಿ ಕಡಿಮೆ. ಆದ್ದರಿಂದ ಅಲ್ಲಿ ಅನ್ನ ಅಕ್ಕಿಯಾಗಿಯೇ ಉಳಿಯುತ್ತದೆ, ತೊಗರಿಬೇಳೆಯಂತೂ ಬೇಯುವುದೇ ಇಲ್ಲ. ಹಿಮಾಲಯದ ಅಡುಗೆಯವರು ಪ್ರೆಶರ್ ಕುಕ್ಕರನ್ನು ಹೊತ್ತು ತರುವುದು ಇದಕ್ಕಾಗಿಯೇ. ಇಬ್ಬರೇ ಹೋಗುವುದಾದರೆ ಕುಕ್ಕರಿನ ಭಾರ ಹೊರುವುದಕ್ಕಿಂತ ಬೇಳೆಯನ್ನು ಬಿಟ್ಟು ಹೋಗುವುದು ಸುಲಭ. ಬೇಕೇಬೇಕೆನಿಸಿದರೆ ಹೆಸರುಬೇಳೆಯನ್ನು ಮಧ್ಯಾಹ್ನವೇ ನೆನೆಹಾಕಿ ಒಯ್ಯಬಹುದು. ಕುಡಿಯುವ ನೀರನ್ನು ಶುದ್ಧಗೊಳಿಸಲು ಬಯಲುಸೀಮೆಯಲ್ಲಿ ಒಂದು ನಿಮಿಷ ಮರಳಿಸಿದರೆ ಸಾಕು. 2,000 ಮೀಟರ್ ಮೇಲ್ಪಟ್ಟ ಎತ್ತರದಲ್ಲಿ ಮೂರು ನಿಮಿಷ ಮರಳಿಸಬೇಕು.

ಇನ್ನು ಅನಿಲದ ವಿಷಯ. ಡಬ್ಬಿಯೊಳಗಿನ ದ್ರವ ಆವಿಯಾದರೆ ಮಾತ್ರ ಒಲೆ ಉರಿಯುತ್ತದೆ. ಸಮುದ್ರಮಟ್ಟದ ಲೆಕ್ಕದಲ್ಲಿ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೋಬ್ಯೂಟೇನಿಗೆ ಈ ಮಿತಿ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ. ಪ್ರೊಪೇನಿಗೆ 42 ಡಿಗ್ರಿ ಕೆಳಗೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಈ ಮಿತಿಗಳು ಇನ್ನಷ್ಟು ಕೆಳಗಿಳಿಯುತ್ತವೆ ಎಂಬುದೊಂದು ಸಮಾಧಾನ. ಆದರೆ ಒಲೆ ಉರಿಯುತ್ತಿದ್ದಂತೆ ಡಬ್ಬಿ ತಾನೇ ತಣ್ಣಗಾಗುತ್ತ ಹೋಗುತ್ತದೆ. ಹೊರಗೆ ಮಂಜಿನ ಹನಿ ಕಟ್ಟುವುದನ್ನು ಕಾಣಬಹುದು. ಮಿಶ್ರ ಅನಿಲದ ಡಬ್ಬಿಯಲ್ಲಿ ಪ್ರೊಪೇನ್ ಮೊದಲು ಮುಗಿದು, ಕೊನೆಯ ಕಾಲುಭಾಗದಲ್ಲಿ ಜ್ವಾಲೆ ಕುಗ್ಗುತ್ತದೆ. ಕೊನೆಯ ದಿನಗಳು ಸಾಮಾನ್ಯವಾಗಿ ಕಣಿವೆಗಿಳಿಯುವ ದಿನಗಳಾಗಿರುತ್ತವೆ. ಆದಕಾರಣ ಅತಿ ಎತ್ತರದ ಶಿಬಿರದಲ್ಲಿ ಹೊಸ ಡಬ್ಬಿಯನ್ನೂ ತಗ್ಗಿನ ಶಿಬಿರಗಳಲ್ಲಿ ಹಳೆಯದನ್ನೂ ಬಳಸುವುದು ಜಾಣತನ.

ರಾತ್ರಿ ಡಬ್ಬಿಯನ್ನು ಒಲೆಯಿಂದ ಬಿಚ್ಚಿ, ಮುಚ್ಚಳ ಹಾಕಿ, ಮಲಗುವ ಚೀಲದೊಳಗೆ ಕಾಲ ಬಳಿ ಇಟ್ಟುಕೊಂಡರೆ ಬೆಳಿಗ್ಗೆ ತೊಂದರೆಯಿಲ್ಲದೆ ಹೊತ್ತುತ್ತದೆ. ಬಳಕೆಯ ಸಮಯದಲ್ಲಿ ಉಗುರುಬೆಚ್ಚಗಿನ ನೀರಿರುವ ತಟ್ಟೆಯಲ್ಲಿ ಡಬ್ಬಿಯನ್ನು ನಿಲ್ಲಿಸಬಹುದು. ಇನ್ನೊಂದು ಒಲೆಯ ಉರಿಯಿಂದಾಗಲಿ ಕುದಿನೀರಿನಿಂದಾಗಲಿ ಬೆಚ್ಚಗೆ ಮಾಡಲೇಬಾರದು. ಡಬ್ಬಿಯನ್ನು ತಲೆಕೆಳಗು ಮಾಡಿ ಬಳಸುವ ಒಲೆಗಳೂ ಇವೆ. ಅವಕ್ಕೆ ಜ್ವಾಲೆಯ ಮೂಲಕ ಹಾದುಹೋಗುವ ಲೋಹದ ನಳಿಕೆ ಇರುತ್ತದೆ. ಅದಿಲ್ಲದ ಒಲೆಯಲ್ಲಿ ಹಾಗೆ ಮಾಡಿದರೆ ದ್ರವವೇ ಹೊರಬಂದು ಆಳೆತ್ತರದ ಬೆಂಕಿಯಾಗುತ್ತದೆ.

ಜೋಡಿಸುವುದು ಮತ್ತು ಹೊತ್ತಿಸುವುದು

ಒಲೆಯನ್ನು ಡಬ್ಬಿಗೆ ಜೋಡಿಸುವುದು ಬಯಲಿನಲ್ಲಿ, ಹತ್ತಿರದಲ್ಲಿ ಯಾವ ಬೆಂಕಿಯೂ ಇಲ್ಲದ ಕಡೆ ಆಗಬೇಕು. ಮೊದಲು ಒಲೆಯ ತಿರುಗುಗುಂಡಿ ಮುಚ್ಚಿದೆಯೇ, ಒಳಗಿನ ರಬ್ಬರ್ ವಾಷರ್ ಬಿರುಕು ಬಿಟ್ಟಿದೆಯೇ ನೋಡಬೇಕು. ಹತ್ತಾರು ರೂಪಾಯಿಯ ಈ ವಾಷರನ್ನು ಒಂದು ಹೆಚ್ಚಾಗಿ ಇಟ್ಟುಕೊಂಡಿರುವುದು ಒಳಿತು. ತಿರುಪನ್ನು ಕೈಯಿಂದಲೇ ಬಿಗಿ ಮಾಡತಕ್ಕದ್ದು. ಇಕ್ಕಳ ಬಳಸಿದರೆ ವಾಲ್ವ್ ಹಾಳಾಗುತ್ತದೆ. ಜೋಡಿಸಿದ ಮೇಲೆ ಸುಯ್ಯೆಂಬ ಸದ್ದು ನಿಲ್ಲದಿದ್ದರೆ ಅಥವಾ ವಾಸನೆ ಬಂದರೆ ಸೋಪಿನ ನೀರು ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಆ ಒಲೆಯನ್ನು ಬಳಸಬಾರದು. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ಮೇಲೆ ಹಾರಿಹೋಗದೆ ತಗ್ಗಿನಲ್ಲಿ, ಡೇರೆಯ ನೆಲದಲ್ಲಿ, ನೀರಿನಂತೆ ನಿಲ್ಲುತ್ತದೆ.

ಹುಲ್ಲು, ತರಗೆಲೆಗಳನ್ನು ಸರಿಸಿ ಚಪ್ಪಟೆ ಬಂಡೆಯ ಮೇಲೆ ಒಲೆಯನ್ನು ಇಡಬೇಕು. ಗಾಳಿಗೆ ಮರೆ ಬೇಕು, ಆದರೆ ಮರೆಯ ತಗಡು ಒಲೆಯನ್ನೂ ಡಬ್ಬಿಯನ್ನೂ ಸುತ್ತಲೂ ಮುಚ್ಚಬಾರದು. ಶಾಖ ಹಿಂದಿರುಗಿ ಡಬ್ಬಿ ಕಾಯುತ್ತದೆ. ಗಾಳಿ ಬೀಸುವ ಒಂದೇ ಕಡೆ ಕಲ್ಲುಗಳನ್ನು ಜೋಡಿಸಿದರೆ ಸಾಕು. ಒಲೆಗಿಂತ ಬಹಳ ಅಗಲವಾದ ಬಾಣಲೆಯನ್ನು ಇಟ್ಟರೂ ಇದೇ ಅಪಾಯವುಂಟು. ನಡುನಡುವೆ ಡಬ್ಬಿಯನ್ನು ಕೈಯಿಂದ ಮುಟ್ಟಿ ನೋಡುವುದೇ ಉತ್ತಮ ಪರೀಕ್ಷೆ: ತಣ್ಣಗಿರಬೇಕು, ಬಿಸಿ ತಗುಲಿದರೆ ತಕ್ಷಣ ಆರಿಸಬೇಕು. ಕುದಿವ ನೀರು ಮೈಮೇಲೆ ಚೆಲ್ಲಿದರೆ ಇಪ್ಪತ್ತು ನಿಮಿಷ ತಣ್ಣೀರು ಸುರಿಯಬೇಕು. ಟೂತ್‌ಪೇಸ್ಟ್, ಶಾಯಿ ಇತ್ಯಾದಿಗಳನ್ನು ಹಚ್ಚಬಾರದು.

ಡೇರೆಯೊಳಗೆ ಒಲೆ

ಡೇರೆಯೊಳಗೆ ಒಲೆ ಹೊತ್ತಿಸಬಾರದೆಂಬ ಸೂಚನೆಯನ್ನು ಎಲ್ಲರೂ ಓದಿರುತ್ತಾರೆ. ಹೊರಗೆ ಹಿಮ ಬೀಳುತ್ತಿರುವ ರಾತ್ರಿ ಅದನ್ನು ಮುರಿಯುವವರೂ ಇರುತ್ತಾರೆ. ಆದಕಾರಣ ಇಲ್ಲಿ ಕಾರಣವನ್ನೂ ವಿವರಿಸಲಾಗಿದೆ.

ಬೆಂಕಿ ತಗುಲುವುದು ಒಂದು ಅಪಾಯ. ನೈಲಾನ್ ಬಟ್ಟೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಇದು ಕಣ್ಣಿಗೆ ಕಾಣುವ ಅಪಾಯವಾದ್ದರಿಂದ ಜನರು ಇದಕ್ಕೆ ಹೆದರುತ್ತಾರೆ, ಎಚ್ಚರ ವಹಿಸುತ್ತಾರೆ. ಕಾಣದ ಅಪಾಯವೆಂದರೆ ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದ ಕಡೆ ಅನಿಲ ಪೂರ್ತಿಯಾಗಿ ಉರಿಯದೆ ಈ ವಿಷಾನಿಲ ಹುಟ್ಟುತ್ತದೆ. ತಣ್ಣನೆಯ ಪಾತ್ರೆಯ ತಳಕ್ಕೆ ಜ್ವಾಲೆ ಒತ್ತಿಕೊಂಡಾಗಲೂ, ಹಿಮ ಕರಗಿಸುವಾಗ ವಿಶೇಷವಾಗಿ, ಇದು ಹೆಚ್ಚಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲದ ಸೋರಿಕೆ ತಿಳಿಯಲೆಂದು ಸೇರಿಸುವ ವಾಸನೆ ಅನಿಲ ಉರಿದುಹೋದ ಮೇಲೆ ಉಳಿಯುವುದಿಲ್ಲ. ಆದ್ದರಿಂದ ಮೂಗನ್ನು ನಂಬುವಂತಿಲ್ಲ.

ಇದರ ಲಕ್ಷಣಗಳು ತಲೆನೋವು, ವಾಕರಿಕೆ, ಸುಸ್ತು, ತೂಕಡಿಕೆ ಮತ್ತು ತಲೆಸುತ್ತು. ಎತ್ತರದ ಪ್ರದೇಶದಲ್ಲಿ ಬರುವ ಬೆಟ್ಟದ ಕಾಯಿಲೆಯ ಲಕ್ಷಣಗಳೂ ಬಹುಮಟ್ಟಿಗೆ ಇವೇ. ನಾಲ್ಕು ಸಾವಿರ ಮೀಟರ್ ಎತ್ತರದ ಡೇರೆಯಲ್ಲಿ ತಲೆನೋವು ಬಂದವರು ಎತ್ತರವನ್ನು ದೂರುತ್ತಾರೆಯೇ ಹೊರತು ಒಲೆಯನ್ನು ಅಲ್ಲ. ಮಾತ್ರೆ ನುಂಗಿ, ಬೆಚ್ಚಗಿರಲೆಂದು ಬಾಗಿಲ ಜಿಪ್ಪನ್ನು ಇನ್ನಷ್ಟು ಎಳೆದು ಮಲಗುತ್ತಾರೆ. ಎತ್ತರದಲ್ಲಿ ಮೊದಲೇ ರಕ್ತಕ್ಕೆ ಆಮ್ಲಜನಕ ಸಾಲದಾಗಿರುತ್ತದೆ. ಈ ವಿಷಾನಿಲ ಉಳಿದುದನ್ನೂ ಕಸಿದುಕೊಳ್ಳುತ್ತದೆ. ಕಾರಣ ಯಾವುದೇ ಇರಲಿ, ಒಲೆ ಉರಿಯುತ್ತಿರುವ ಅಥವಾ ಈಗಷ್ಟೇ ಆರಿಸಿದ ಡೇರೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಏಕಕಾಲಕ್ಕೆ ತಲೆನೋವು ಬಂದರೆ ಅದನ್ನು ವಿಷಾನಿಲವೆಂದೇ ಭಾವಿಸಿ ಎಲ್ಲರನ್ನೂ ಹೊರಗೆ ಕರೆತರತಕ್ಕದ್ದು. ಹೊರಗಾಳಿಯಲ್ಲಿ ಚೇತರಿಕೆ ಕಂಡುಬಂದರೂ ಮತ್ತೆ ಅದೇ ಡೇರೆಯಲ್ಲಿ ಒಲೆ ಹಚ್ಚಬಾರದು. ಆಮ್ಲಜನಕದ ಸಿಲಿಂಡರ್ ಇದ್ದಲ್ಲಿ ಕೂಡಲೇ ಕೊಡಿಸಬೇಕು. ಪ್ರಜ್ಞೆ ತಪ್ಪಿದ್ದವರನ್ನು, ಎಚ್ಚರಗೊಂಡ ಮೇಲೂ, ಆಸ್ಪತ್ರೆಗೆ ಸಾಗಿಸಬೇಕು.

ಡೇರೆಯೇ ಆಗಬೇಕೆಂದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಪ್ರವಾಸಕ್ಕೆ ಹೋಗಿದ್ದ ಕೇರಳದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ವಸತಿಗೃಹದ ಕೋಣೆಯಲ್ಲಿ ಚಳಿಗೆಂದು ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದ್ದರು. ಬೆಳಿಗ್ಗೆ ಅವರು ಏಳಲಿಲ್ಲ. ಕಿಟಕಿ–ಬಾಗಿಲುಗಳು ಮುಚ್ಚಿದ್ದವು. ಒಲೆಯನ್ನು ಯಾವ ಕಾರಣಕ್ಕೂ ಮೈ ಕಾಯಿಸಿಕೊಳ್ಳಲು ಬಳಸಬಾರದು. ಬಿಸಿನೀರು ತುಂಬಿದ ಗಟ್ಟಿ ಬಾಟಲಿಯನ್ನು ಮಲಗುವ ಚೀಲದಲ್ಲಿ ಇಟ್ಟುಕೊಂಡರೆ ನಾಲ್ಕೈದು ಗಂಟೆ ಬೆಚ್ಚಗಿರುತ್ತದೆ.

ಹಿಮಪಾತದಿಂದಾಗಿ ಬಯಲಿನಲ್ಲಿ ಅಡುಗೆ ಅಸಾಧ್ಯವೇ ಆದ ಪಕ್ಷದಲ್ಲಿ ಡೇರೆಯ ಹೊರಚಾವಣಿಯ ಅಂಚಿನಲ್ಲಿ, ಎರಡೂ ಬದಿಯ ಪರದೆಗಳನ್ನು ತೆರೆದಿಟ್ಟು, ಒಲೆಯ ಬಳಿ ಒಬ್ಬರು ಕುಳಿತೇ ಇದ್ದು, ನೀರು ಕುದಿದ ಕೂಡಲೇ ಆರಿಸುವುದು ಕೊನೆಯ ಉಪಾಯ. ಹಾಗೆ ಮಾಡಬೇಕಾಗಿ ಬರಬಹುದೆಂದು ತಿಳಿದೇ ಒಂದು ಹೊತ್ತಿನ ಒಣ ಆಹಾರವನ್ನು ಸದಾ ಉಳಿಸಿಕೊಂಡಿರುವವರಿಗೆ ಈ ಉಪಾಯದ ಅಗತ್ಯ ಬೀಳುವುದಿಲ್ಲ.

ಇತರ ರಾಜ್ಯಗಳ ನಿಯಮಗಳು

ಹಿಮಾಲಯದ ರಾಜ್ಯಗಳಲ್ಲಿ ಶಿಬಿರ ಹೂಡುವ ನಿಯಮಗಳು ಬೇರೆಬೇರೆ. ಉತ್ತರಾಖಂಡ ಹೈಕೋರ್ಟು 2018ರ ಆಗಸ್ಟ್ ತಿಂಗಳಲ್ಲಿ ಬುಗ್ಯಾಲ್ ಎಂದು ಕರೆಯಲಾಗುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿರ್ಬಂಧಿಸಿ ಆದೇಶ ನೀಡಿತು. ಅದರಿಂದ ಹಲವು ಪ್ರಸಿದ್ಧ ಚಾರಣಗಳ ಶಿಬಿರಸ್ಥಾನಗಳೇ ಬದಲಾದವು. ಹೊರಡುವ ಮುನ್ನ ಆಯಾ ಅರಣ್ಯ ವಿಭಾಗದ ಕಚೇರಿಯಿಂದ ಸದ್ಯದ ನಿಯಮವನ್ನು ತಿಳಿದುಕೊಳ್ಳತಕ್ಕದ್ದು. ಗ್ಯಾಸ್ ಉಳಿಸಲೆಂದು ಎತ್ತರದ ಜುನಿಪರ್ ಪೊದೆಗಳನ್ನು ಮುರಿದು ಉರಿಸುವುದನ್ನು ಮಾರ್ಗದರ್ಶಕರು ಮಾಡಿದರೂ ತಡೆಯಬೇಕು. ಆ ಎತ್ತರದಲ್ಲಿ ಒಂದು ಪೊದೆ ಬೆಳೆಯಲು ದಶಕಗಳೇ ಬೇಕು.

ಖಾಲಿ ಡಬ್ಬಿಗಳು

ಖಾಲಿ ಡಬ್ಬಿಯನ್ನು ಶಿಬಿರದಲ್ಲಿ ಹೂಳುವುದು, ಬಂಡೆಯ ಸಂದಿಗೆ ಸೇರಿಸುವುದು, ಬೆಂಕಿಗೆ ಎಸೆಯುವುದು ನಿಷಿದ್ಧ. ಖಾಲಿಯೆಂದು ತೋರುವ ಡಬ್ಬಿಯಲ್ಲಿಯೂ ಸ್ಫೋಟಕ್ಕೆ ಸಾಕಾಗುವಷ್ಟು ಅನಿಲ ಉಳಿದಿರುತ್ತದೆ. ಚಾರಣದ ಊರಿಗೆ ಹಿಂದಿರುಗಿದ ಮೇಲೆ, ಬಯಲಿನಲ್ಲಿ ಒಲೆಗೆ ಜೋಡಿಸಿ ಜ್ವಾಲೆ ತಾನಾಗಿ ಆರುವವರೆಗೆ ಉರಿಸಿ, ಅನಂತರ ಬೆಂಕಿಯಿಂದ ದೂರದಲ್ಲಿ ಡಬ್ಬಿಗೆ ರಂಧ್ರ ಮಾಡಿ ಗುಜರಿಗೆ ನೀಡಬಹುದು. ರಂಧ್ರವಿಲ್ಲದ ಡಬ್ಬಿಯನ್ನು ಗುಜರಿಯವರಿಗೆ ಕೊಟ್ಟರೆ ಅದನ್ನು ಜಜ್ಜುವ ಕೆಲಸಗಾರರ ಕೈಯಲ್ಲಿ ಸಿಡಿಯುವ ಸಂಭವವಿದೆ. ಅರ್ಧ ಉಳಿದ ಡಬ್ಬಿಯನ್ನು ಮರಳುವ ರೈಲಿನಲ್ಲಿ ತರುವಂತಿಲ್ಲವಾದ್ದರಿಂದ ಅದೇ ದಾರಿಗೆ ಹೊರಡುತ್ತಿರುವ ಬೇರೆ ಚಾರಣಿಗರಿಗೆ, ಅಥವಾ ಕೊಂಡ ಅಂಗಡಿಗೇ, ಕೊಟ್ಟು ಬರಬಹುದು. ಕೆಲವು ಅಂಗಡಿಗಳವರು ಅದಕ್ಕೆ ಸ್ವಲ್ಪ ಹಣವನ್ನೂ ಹಿಂದಿರುಗಿಸುತ್ತಾರೆ.

ತುರ್ತು ದೂರವಾಣಿ ಸಂಖ್ಯೆಗಳು: ಎಲ್ಲ ಬಗೆಯ ತುರ್ತು ನೆರವು – 112, ರೈಲ್ವೆ ಸಹಾಯವಾಣಿ – 139, ಅಡುಗೆ ಅನಿಲ ಸೋರಿಕೆ – 1906. ಮೊಬೈಲ್ ಸಂಪರ್ಕವಿಲ್ಲದ ಕಣಿವೆಗಳಿಗೆ ತೆರಳುವವರು ತಮ್ಮ ಮಾರ್ಗ, ತಂಗುವ ಸ್ಥಳಗಳು ಮತ್ತು ಹಿಂದಿರುಗುವ ದಿನಾಂಕವನ್ನು ಬರಹದಲ್ಲಿ ಮನೆಯವರಿಗೂ ಚಾರಣ ಆರಂಭವಾಗುವ ಊರಿನ ಪೊಲೀಸ್ ಠಾಣೆಗೂ ನೀಡಿ ಹೊರಡಬೇಕೆಂದು ಕೋರಲಾಗಿದೆ.